ತಖ್ತಾ ತೊಳೆಯಲು ಹಿಂದೆ ಉಳಿದವಳು

ಸತ್ತ ಹೆಂಗಸರ ಮೈ ತೊಳೆದು, ಕಫನ್ ಬಟ್ಟೆ ಉಡಿಸಿ ಕಳಿಸುವುದು ನನ್ನ ಕೆಲಸವಾಗಿತ್ತು. ಇಪ್ಪತ್ತೊಂಬತ್ತು ವರ್ಷ ಮಾಡಿದೆ, ಈಗ ಬಿಟ್ಟಿದ್ದೇನೆ. ನಮ್ಮೂರಿನ ನಾಲ್ಕು ಹುಡುಗಿಯರು ಈ ಕೆಲಸ ಕಲಿಯಲು ಮುಂದೆ ಬಂದಿದ್ದಾರೆ. ಅವರಿಗೆ ಕಲಿಸುತ್ತಿರುವ ತಬಸ್ಸುಮ್, "ಖಾಲಾ, ನೀವು ಹೇಳ್ರಿ, ನಾ ಬರ್ಕೋತೀನಿ" ಅಂದಳು. ಬೇಡ, ನಾನೇ ಬರೆಯುತ್ತೇನೆ ಅಂದೆ. ನಮ್ಮದು ನದಾಫರ ಮನೆ, ಗಾದಿ ಹೊಲಿಯುವವರು. ಮನೆಮಾತು ಕನ್ನಡವೇ. ನಾನು ಊರ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತವಳು. ಅಕ್ಷರ ದುಂಡಗಿಲ್ಲ, ಆದರೆ ಓದಲು ಬರುತ್ತದೆ.

ಖೈರುನ್ ತೀರಿಕೊಂಡು ಏಳು ತಿಂಗಳಾಯಿತು. ಖೈರುನ್ ನನ್ನ ಗಂಡನ ತಂಗಿ, ಈ ಕೆಲಸದಲ್ಲಿ ನನ್ನ ಜೊತೆಗಾತಿ. ಅವಳನ್ನು ಬಿಟ್ಟು ಈ ಕೆಲಸದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಅವಳ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಬಿಟ್ಟು ಅವಳ ಬಗ್ಗೆ ಬರೆಯಲೂ ಬರುವುದಿಲ್ಲ.

ಇಷ್ಟು ವರ್ಷದಲ್ಲಿ ನಾವು ತೊಳೆದ ಹೆಂಗಸರೆಲ್ಲ ನಮ್ಮ ಕೈಯಿಂದ ಮಸೀದಿಯ ಅಂಗಳಕ್ಕೆ ಹೋದರು. ಅಲ್ಲಿ ಶವ ಹೊತ್ತು ತಂದ ಜನಾಜಾ ಇಳಿಸಿ, ಗಂಡಸರು ಸಾಲಾಗಿ ನಿಂತು, ಹೋದವಳಿಗಾಗಿ ಕೊನೆಯ ನಮಾಜ್ ಮಾಡುತ್ತಿದ್ದರು. ಅದನ್ನು ನಾನು ಒಂದು ಸಲವೂ ಸರಿಯಾಗಿ ಕಂಡಿರಲಿಲ್ಲ. ಬದುಕಿರುವ ತನಕ ಆ ಹೊಸ್ತಿಲು ತುಳಿಯದವರು ಸತ್ತ ದಿನ ನಾಲ್ಕು ಜನರ ಹೆಗಲ ಮೇಲೆ ದಾಟಿ ಹೋಗುತ್ತಿದ್ದರು. ನಾನು ಅವರ ಮನೆಯ ಹಿತ್ತಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತಿರುತ್ತಿದ್ದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವವಳೂ ಇರುತ್ತಾಳೆಯೇ ಎಂದು ನೀವು ನಗಬಹುದು. ನನಗೆ ಆಗುತ್ತಿತ್ತು.

ಕೆಲಸ ಕಲಿಸಿದವರು ನನ್ನ ಅತ್ತೆ. ಸುತ್ತ ನಾಲ್ಕೂರಿನ ಮಂದಿ ಅವರನ್ನೇ ಕರೆಯುತ್ತಿದ್ದರು. ಅವರ ಕೈ ನಡುಗಲು ಹತ್ತಿದಾಗ ಮಗಳನ್ನೂ ಸೊಸೆಯನ್ನೂ ಕೂಡಿಸಿ ಕಲಿಸಿದರು. ಮೈ ಮೇಲೆ ಕೈಯಾಡಿಸುವ ಕೆಲಸ ಮಗಳಿಗೆ ಕೊಟ್ಟರು, ನೀರು ಹೊಯ್ಯುವುದನ್ನು ನನಗೆ. ನನ್ನ ಮುಖ ನೋಡಿ, "ನೀರ ಹೊಯ್ಯೂದೂ ಕೆಲಸನ ಐತಿ ಬೇ. ಮುಖಾ ಯಾಕ ಗಂಟ ಹಾಕ್ತಿ?" ಅಂದರು. ಕೆಲಸವೇನೋ ಹೌದು. ಆದರೆ ಮೊದಲ ಕರೆ ಖೈರುನ್‌ಗೇ ಬರುತ್ತಿತ್ತು. "ಖೈರುನ್‌ಬಿಗೆ ಹೇಳ್ರಿ, ಆಕಿ ಭಾಬಿನ್ನ ಕರ್ಕೊಂಡ ಬರ್ತಾಳ" ಎನ್ನುತ್ತಿದ್ದರು. ನಾನು ಅವಳು ಕರೆದುಕೊಂಡು ಬರುವವಳು.

ಅತ್ತೆ ಹೇಳಿಕೊಟ್ಟದ್ದನ್ನು ಹುಡುಗಿಯರಿಗೆ ಹೇಳುತ್ತೇನೆ. ಬಾರಿ ಎಲೆ, ಅಂದರೆ ಬೋರೆ ಗಿಡದ ಎಲೆ, ಹಾಕಿ ಕಾಯಿಸಿದ ನೀರು ಬೆಚ್ಚಗಿರಬೇಕು. ಬದುಕಿದವರ ಮೈಗೆ ಸುಡುವ ನೀರು ಸತ್ತವರ ಮೈಗೂ ಸುಡುತ್ತದೆ ಎಂದು ತಿಳಿದುಕೊಂಡು ಮೊಳಕೈಗೆ ಹಾಕಿ ನೋಡಬೇಕು. ಮೈ ಮೇಲಿನ ಹೊದಿಕೆ ತೆಗೆಯಬಾರದು, ಅದರ ಕೆಳಗೇ ಕೈಯಾಡಬೇಕು. ಮೊದಲು ಬಲಗಡೆ, ಆಮೇಲೆ ಎಡಗಡೆ. ಏನೇ ಕಂಡರೂ ಹೊರಗೆ ಬಂದು ಹೇಳಬಾರದು. ಬಾಸುಂಡೆ ಕಂಡರೂ, ಹೊಲಿಗೆ ಕಂಡರೂ. ಈ ಕೊನೆಯ ಮಾತು ಮಾತ್ರ ನನಗೆ ಕಷ್ಟವಾಯಿತು. ಒಮ್ಮೆ ಹೇಳಬೇಕಾಗಿತ್ತೇನೋ ಎಂದು ಇವತ್ತಿಗೂ ಅನಿಸುತ್ತದೆ. ನೀವು ನಿಮ್ಮ ಮೌಲಾನಾರನ್ನು ಕೇಳಿರಿ, ತಬಸ್ಸುಮ್‌ಳನ್ನು ಕೇಳಿರಿ. ನಮಗೆ ಕೇಳಲು ಯಾರೂ ಇರಲಿಲ್ಲ.

ತಖ್ತಾ ಎಂದರೆ ಮಯ್ಯತ್ತನ್ನು ಮಲಗಿಸಿ ತೊಳೆಯುವ ಸಾಗವಾನಿ ಹಲಗೆ. ಆಳುದ್ದ ಇರುತ್ತದೆ, ನೀರು ಹರಿದು ಹೋಗಲಿ ಎಂದು ಕಾಲ ಕಡೆ ಸ್ವಲ್ಪ ತಗ್ಗು. ಅದು ಮಸೀದಿಯ ಬಾಜು ಕೋಣೆಯಲ್ಲಿ ಇರುತ್ತಿತ್ತು. ಆ ಕೋಣೆಗೆ ಬಾಗಿಲು ಮಸೀದಿಯ ಅಂಗಳದಿಂದಲೇ. ಯಾರಾದರೂ ತೀರಿಕೊಂಡರೆ ಗಂಡಸರು ಹೊತ್ತು ತಂದು ಇಡುತ್ತಿದ್ದರು. ಕೆಲಸ ಮುಗಿದ ಮೇಲೆ ನಾವು ತಿಕ್ಕಿ ತೊಳೆದು ಒಣಗಿಸಿಟ್ಟರೆ ಮತ್ತೆ ಒಯ್ಯುತ್ತಿದ್ದರು. ನಾವು ದಿನವಿಡೀ ಮುಟ್ಟಿದ ಹಲಗೆ ನಾವು ಕಾಲಿಡದ ಕಡೆಗೆ ಹೋಗಿ ಮಲಗುತ್ತಿತ್ತು.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಯ ಗಂಡಸರೆಲ್ಲ ನವಲಗುಂದಕ್ಕೆ ಲಗ್ನಕ್ಕೆ ಹೋಗಿದ್ದಾಗ ಒಬ್ಬ ಬಾಣಂತಿ ತೀರಿಕೊಂಡಳು. ಹೊತ್ತು ನೆತ್ತಿಗೆ ಬಂದಿತ್ತು. ಹಾಗೇ ಇಡುವಂತಿರಲಿಲ್ಲ. ಮಸೀದಿಯಲ್ಲಿ ಆಗ ಇದ್ದವರು ವಯಸ್ಸಾದ ಮುಲ್ಲಾಸಾಬರು, ಕಿವಿ ಕೇಳುತ್ತಿರಲಿಲ್ಲ, ಹಲಗೆ ಎತ್ತುವ ಶಕ್ತಿಯೂ ಇರಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ನಿಂತು ಕೂಗಿದೆವು. ಅವರಿಗೆ ಕೇಳಿಸಲಿಲ್ಲ.

ಖೈರುನ್ ಚಪ್ಪಲಿ ಬಿಟ್ಟಳು.

"ಏನ ಮಾಡ್ತೀ ಬೇ?" ಅಂದೆ.

"ತಖ್ತಾ ತರ್ತೀನಿ. ನೀ ಒಂದ್ ತುದಿ ಹಿಡಿ ಬಾ, ಭಾಬಿ."

"ಒಳಗ? ಯಾರರ ನೋಡಿದ್ರ?"

"ನೋಡಾಕ ಯಾರ ಅದಾರ? ಎಲ್ಲಾರೂ ನವಲಗುಂದದಾಗ ಬಿರ್ಯಾನಿ ತಿನ್ನಾಕತ್ತಾರ."

ಅವಳು ಹೌದಿನ, ಅಂದರೆ ನೀರಿನ ತೊಟ್ಟಿಯ, ನೀರಲ್ಲಿ ಕೈಕಾಲು ಮುಖ ತೊಳೆದು, ಸೆರಗು ತಲೆಗೆ ಬಿಗಿದು ಹೋದಳು. ನಾನು ಹೊಸ್ತಿಲ ಈಚೆ ನಿಂತೆ. ಹಲಗೆ ಎಳೆಯುವ ಸಪ್ಪಳ ಕೇಳಿಸಿತು. ಬಹಳ ಹೊತ್ತು ಹಿಡಿಯಿತು. ಬೆವರು ಸುರಿಸುತ್ತ ಅವಳು ಹಲಗೆಯ ಒಂದು ತುದಿಯನ್ನು ಹೊಸ್ತಿಲವರೆಗೆ ತಂದಾಗ ಮಾತ್ರ ನಾನು ಈ ತುದಿ ಹಿಡಿದೆ. "ತಡಾ ಯಾಕ ಆತು?" ಅಂದರೆ ನಕ್ಕಳು. "ಒಂದ್ ಸಜ್ದಾ ಮಾಡಿ ಬಂದೆ" ಅಂದಳು. ಅಂಗಳದಲ್ಲಲ್ಲ, ಮಸೀದಿಯ ಒಳಗೇ ಹೋಗಿ ಹಣೆ ನೆಲಕ್ಕಿಟ್ಟು ಬಂದಿದ್ದಳು.

ಸುದ್ದಿ ನಿಲ್ಲುತ್ತದೆಯೇ? ಆಗಿನ ಮುತವಲ್ಲಿ, ಅಂದರೆ ಮಸೀದಿಯ ಆಡಳಿತ ನೋಡುವ ಹಿರಿಯರು, ನನ್ನ ಗಂಡನನ್ನು ಕರೆಸಿ ಬೈದರು. ಗಂಡ ಮನೆಗೆ ಬಂದು ತಂಗಿಗೆ ಬೈದರು. ಖೈರುನ್ ರೊಟ್ಟಿ ಬಡಿಯುತ್ತ ಕೂತವಳು ತಲೆ ಎತ್ತಲಿಲ್ಲ. "ಅವರಿಗೆ ಹೇಳಣ್ಣಾ, ಮುಂದ ಅವರ ಮನ್ಯಾಗ ಯಾರರ ಹ್ವಾದ್ರ ನೆಲದ ಮ್ಯಾಲೆ ತೊಳೀತೀನಿ ಅಂತ" ಅಂದಳು. ಮಾತು ಅಲ್ಲಿಗೆ ಮುಗಿಯಿತು. ಅವಳು ಬೇಡವೆಂದರೆ ಬೇರೆ ಯಾರಿದ್ದರು?

ಅಂದಿನಿಂದ ನನ್ನ ಹೊಟ್ಟೆಯಲ್ಲಿ ಕೆಂಡ ಕೂತಿತು. ಒಳಗೆ ಏನಿದೆ ಎಂದು ಕೇಳಿದರೆ ಅವಳು ಒಮ್ಮೆಗೇ ಹೇಳುತ್ತಿರಲಿಲ್ಲ. ಒಂದು ವರ್ಷ ಗೋಡೆಯ ಗಡಿಯಾರದ ಬಗ್ಗೆ ಹೇಳಿದಳು. ಇನ್ನೊಮ್ಮೆ ಎಲ್ಲೋ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಾಗ, "ಅಲ್ಲಿ ನೆಲಾ ಅಗದಿ ತಂಪ ಬೇ, ಹಣಿ ಇಟ್ರ ಏಳಬಾರದು ಅನಸ್ತೈತಿ" ಅಂದಳು. ನನಗೆ ಸಿಟ್ಟು ಬಂದು ಎದ್ದು ಹೋದೆ. ಅವತ್ತು ಅವಳು ಬಾ ಎಂದು ಕರೆದಿದ್ದಳು, ಹೋಗದವಳು ನಾನು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ನೀಲವ್ವನ ಮೇಲೂ ಇಂಥದೇ ಸಿಟ್ಟಿತ್ತು. ಬಾರಿ ಎಲೆ ತರಲು ನಾನು ಅವರ ಹೊಲದ ಬದುವಿಗೆ ಹೋಗುತ್ತಿದ್ದೆ. ಲಿಂಗಾಯತರ ಮನೆ, ದೊಡ್ಡ ಒಕ್ಕಲುತನ. ಬುಟ್ಟಿ ಹಿಡಿದು ಬರುವುದನ್ನು ಕಂಡ ಕೂಡಲೇ, "ಯಾರ ಹ್ವಾದ್ರ ಬೇ, ಹುಸೇನಬಿ?" ಎಂದು ಕೇಳಿ, ತಾನೇ ಟೊಂಗೆ ಬಗ್ಗಿಸಿ ಕೊಡುತ್ತಿದ್ದಳು. ಅವಳ ಅತ್ತೆ ಸತ್ತಾಗ ಅವಳು ಭಜನೆಯವರ ಹಿಂದೆ ಕುಣಿಯವರೆಗೆ ನಡೆದು ಹೋಗಿ ಮಣ್ಣು ಹಾಕಿ ಬಂದವಳು. ಅದೂ ಹೋಗಲಿ. ಅವಳು ಪಂಚಾಯ್ತಿ ಮೆಂಬರ್ ಆದ ವರ್ಷ ನಮ್ಮ ಮಸೀದಿಗೆ ನಳ ಹಾಕಿಸಿದರು. ಉದ್ಘಾಟನೆಗೆ ಅವಳನ್ನೇ ಕರೆದು, ಅಂಗಳದಲ್ಲಿ ಕುರ್ಚಿ ಹಾಕಿ, ಮಾಲೆ ಹಾಕಿದರು.

"ನಿಮ್ಮ ಮಸೀದಿ ಅಂಗಳ ಚೊಲೊ ಐತಿ ಬಿಡವಾ, ಬೇವಿನ ಗಿಡದ ನೆಳ್ಳ ಅಗದಿ ತಂಪ" ಅಂದಳು ನನಗೆ.

"ಹೌದೇನವ್ವಾ?" ಅಂದೆ.

ಈಗ ನನ್ನ ತಪ್ಪಿನ ವಿಷಯ. ಹುಡುಗಿಯರೇ, ಇದನ್ನು ಎರಡು ಸಲ ಓದಿರಿ.

ಗಂಡಸರಿಗೆ ಕಫನ್ ಮೂರು ತುಂಡು, ಹೆಂಗಸರಿಗೆ ಐದು. ತಲೆಗೆ ಒಂದು, ಎದೆಗೆ ಕಟ್ಟಲು ಒಂದು ಹೆಚ್ಚು. ಖೈರುನ್ ಮಗಳ ಹೆರಿಗೆಗೆಂದು ಮಿಶ್ರಿಕೋಟಿಗೆ ಹೋಗಿದ್ದ ದಿನ ನಮ್ಮ ಓಣಿಯ ಒಬ್ಬ ಮುದುಕಿ ತೀರಿಕೊಂಡಳು. ಮೊದಲ ಸಲ ನಾನೇ ಮುಂದೆ ನಿಂತೆ. ನೀರು ಹೊಯ್ಯಲು ಆ ಮನೆಯ ಸೊಸೆಯನ್ನು ಕರೆದುಕೊಂಡೆ. ನನಗೆ ಒಳಗೊಳಗೇ ಹಿಗ್ಗು. ಖೈರುನ್ ಇಲ್ಲದೆಯೂ ನಡೆಯುತ್ತದೆ ಎಂದು ಊರಿಗೆ ಗೊತ್ತಾಗಲಿ ಎಂದು ಬಹಳ ಚುರುಕಾಗಿ ಕೆಲಸ ಮಾಡಿದೆ. ಜನಾಜಾ ಎತ್ತಿಕೊಂಡು ಹೋದರು. ನಾನು ಚಾಪೆ ಮಡಿಸಲು ಎತ್ತಿದೆ. ಅದರ ಕೆಳಗೆ ಎದೆಗೆ ಕಟ್ಟುವ ಬಟ್ಟೆ ಮಡಿಕೆ ಮಾಡಿದ ಹಾಗೇ ಇತ್ತು.

ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದೆ. ಮಸೀದಿಯ ಬಾಗಿಲಿಗೆ ಬಂದು ನಿಂತೆ. ಒಳಗೆ ಗಂಡಸರ ಬೆನ್ನುಗಳ ಸಾಲು ಕಂಡದ್ದೇ ಬಾಗಿಲ ಪಕ್ಕದ ಗೋಡೆಗೆ ಮುಖ ಮಾಡಿದೆ. ಕರೆದರೆ ನಮಾಜ್ ಮುರಿದಂತೆ, ಒಳಗೆ ಹೋದರೆ ಗೌಜು. ಅಲ್ಲಾಹು ಅಕ್ಬರ್ ಎನ್ನುವ ತಕ್ಬೀರ್ ಕೇಳಿಸಿತು, ಒಂದು, ಎರಡು, ಮೂರು, ನಾಲ್ಕು. ಮುಗಿದು ಅವರು ತಿರುಗುವಷ್ಟರಲ್ಲಿ ನಾನು ಸಂದಿಯಲ್ಲಿ ಸರಿದು ನಿಂತೆ. ಇಷ್ಟು ಮಂದಿಯ ಎದುರು ಎದೆಯ ಬಟ್ಟೆ ಹಿಡಿದು ಏನೆಂದು ಹೇಳುವುದು? ಜನಾಜಾ ನನ್ನ ಮುಂದೆಯೇ ಕಬರಸ್ತಾನಕ್ಕೆ ಹೋಯಿತು. ಬಟ್ಟೆ ನನ್ನ ಹತ್ತಿರವೇ ಉಳಿಯಿತು.

ಖೈರುನ್ ಬಂದ ಮೇಲೆ ಅವಳಿಗೊಬ್ಬಳಿಗೇ ಹೇಳಿದೆ. ಅವಳು ಬೈಯಲಿಲ್ಲ. "ನಾ ಇದ್ರ ಒಳಗ ಹೋಗಿ ಕೊಟ್ಟ ಬರ್ತಿದ್ದೆ" ಅಂದಳು, ಅಷ್ಟೇ. ಬೈದಿದ್ದರೆ ಚೊಲೊ ಇತ್ತು. ಬಹಳ ವರ್ಷಗಳ ಮೇಲೆ ಈಗಿನ ಮೌಲಾನಾರನ್ನು ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ. ಮೂರು ತುಂಡಿದ್ದರೂ ನಡೆಯುತ್ತದೆ, ಪಾಪವಿಲ್ಲ ಅಂದರು. ಆದರೂ ಇವತ್ತಿಗೂ ಆ ಮುದುಕಿಯ ಮೊಮ್ಮಕ್ಕಳು ಎದುರಾದರೆ ನಾನು ಆಚೆ ಬದಿಗೆ ಸರಿಯುತ್ತೇನೆ. ಐದೂ ತುಂಡನ್ನು ಮೊದಲೇ ಹಾಸಿ, ಎಣಿಸಿ, ಆಮೇಲೆ ನೀರು ಮುಟ್ಟಿರಿ. ಈಗ ಹುಬ್ಬಳ್ಳಿಯಿಂದ ಕತ್ತರಿಸಿದ ಕಫನ್ ಪಾಕೀಟು ಬರುತ್ತದೆ, ಅದರಲ್ಲೇ ಕರ್ಪೂರ, ಅತ್ತರು, ಹತ್ತಿ, ಕೈಗವಸು ಇರುತ್ತವೆ. ಆದರೂ ಎಣಿಸಿರಿ.

ಮುತವಲ್ಲಿಯ ಕೆಲಸ ಈಗ ಆ ಹಿರಿಯರ ಮಗ ಬಾಷಾಸಾಬರದು. ತಬಸ್ಸುಮ್ ಅವರ ಸೊಸೆ, ಹುಬ್ಬಳ್ಳಿಯ ಹುಡುಗಿ. ಅಲ್ಲಿ ಅವಳು ಹೋಗುತ್ತಿದ್ದ ಮಸೀದಿಯಲ್ಲಿ ಹೆಂಗಸರಿಗೆ ಬೇರೆ ಮಹಡಿ ಇತ್ತಂತೆ. ಇಲ್ಲಿಗೆ ಬಂದ ಮೂರನೇ ವರ್ಷಕ್ಕೆ, ಇಲ್ಲೂ ಹೆಂಗಸರಿಗೆ ಜಾಗ ಬೇಕೆಂದು ಮಾವನನ್ನು ಕೇಳಿದಳು. ಅವಳು ಕೇಳಿದ ರೀತಿಯನ್ನು ಖೈರುನ್ ನನಗೆ ಹತ್ತು ಸಲ ಹೇಳಿದ್ದಾಳೆ.

"ಹೆಣ್ಣಮಕ್ಕಳಿಗೆ ಮನ್ಯಾಗ ಮಾಡೂದ ಚೊಲೊ ಅಲ್ಲೇನವಾ?" ಎಂದರಂತೆ ಬಾಷಾಸಾಬರು.

"ಚೊಲೊರಿ ಮಾವಾ. ಆದ್ರ ಬರ್ತೀನಿ ಅಂದಾಕಿನ್ನ ತಡೀಬಾರ್ದು ಅಂತನೂ ಐತಲ್ರಿ. ಮೌಲಾನಾರ್ನ ಕೇಳ್ರಿ."

ಮೌಲಾನಾರು ಹೊಸಬರು, ಎಳೆ ವಯಸ್ಸು. ಅವಳು ಹೇಳಿದ್ದು ಸರಿ ಅಂದರು. ನಾಲ್ಕು ತಿಂಗಳು ಜಮಾತಿನಲ್ಲಿ ವಾದ ನಡೆಯಿತು. ಕೆಲವರು ಎದ್ದು ಹೋದರು, ಮತ್ತೆ ಬಂದರು. ಕಡೆಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಬಂದಾಗ ತಖ್ತಾ ಇಡುವ ಬಾಜು ಕೋಣೆ ನೆನಪಾಯಿತು. ಅದಕ್ಕೆ ರಸ್ತೆಯ ಕಡೆ ಬೇರೆ ಬಾಗಿಲು ಒಡೆದು, ಅಂಗಳದ ಕಡೆ ಪರದೆಯ ಕಿಟಕಿ ಇಟ್ಟು, ಸುಣ್ಣ ಬಳಿದು, ಜಮಖಾನೆ ಹಾಸಿದರು. ತಖ್ತಾವನ್ನು ಖೈರುನ್‌ಳ ದನದ ಕೊಟ್ಟಿಗೆಗೆ ಕಳಿಸಿದರು.

ಈಗ ಹೆಂಗಸರು ಹೋಗಬಹುದಾಗಿತ್ತು. ನಾನು ಹೋಗಲಿಲ್ಲ.

ಯಾಕೆಂದು ಬರೆಯಬೇಕು. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬಯಸಿ ಒಮ್ಮೆಯೂ ಬಾಯಿಬಿಟ್ಟು ಕೇಳಲಾರದ್ದನ್ನು ನಿನ್ನೆ ಬಂದ ಹುಡುಗಿ ಚಹಾ ಕೊಡುತ್ತ ಕೇಳಿ ಪಡೆದಿದ್ದಳು. ಅವಳು ಕೊಡಿಸಿದ ಜಾಗಕ್ಕೆ ನಾನು ಹೋಗಿ ಕೂಡಬೇಕೆ? ಮೇಲಾಗಿ ಖೈರುನ್ ಅವಳನ್ನು ಹೆತ್ತ ಮಗಳ ಹಾಗೆ ಹಚ್ಚಿಕೊಂಡಿದ್ದಳು. ಮೈ ತೊಳೆಯುವುದನ್ನೂ ಕಲಿಸಲು ಹತ್ತಿದ್ದಳು. ಶುಕ್ರವಾರ ಬಂತೆಂದರೆ ಇಬ್ಬರೂ ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದರು.

"ಭಾಬಿ, ಜುಮ್ಮಾ ಐತಿ, ಹೋಗೂಣು ಬಾ."

"ಮೊಳಕಾಲ ನೂಸಾಕತ್ತಾವ."

"ಕುರ್ಚಿ ಹಾಕ್ಯಾರ ಬೇ. ಕುಂತ ಮಾಡ್ತೀಯಂತ."

"ನನಗ ನನ್ನ ಮನೀನ ಮಸೀದಿ."

"ನಿನ್ನ ಮನ್ಯಾಗ ಪಂಖಾನೂ ತಿರಗೂದಿಲ್ಲ. ಅಲ್ಲಿ ಎರಡ ಅದಾವ."

ತಬಸ್ಸುಮ್ ಬುರ್ಖಾದ ಒಳಗೇ ನಕ್ಕಿದ್ದು ಕೇಳಿಸುತ್ತಿತ್ತು. ನಾನು ಬಾಗಿಲು ಮುಂದೆ ಮಾಡುತ್ತಿದ್ದೆ.

ಯಾರಾದರೂ ಹೆಂಗಸು ತೀರಿಕೊಂಡಾಗಲೂ ಇದೇ. ಈಗ ಹೆಂಗಸರೂ ಆ ಕೋಣೆಯಲ್ಲಿ ನಿಂತು ಜನಾಜಾದ ನಮಾಜಿನಲ್ಲಿ ಸೇರುತ್ತಿದ್ದರು. ಆದರೆ ನಮ್ಮ ಕೆಲಸದ ರೀತಿ ಹಾಗಿದೆ. ಜನಾಜಾ ಎದ್ದ ಮೇಲೆ ತಖ್ತಾವನ್ನು ಆಗಿಂದಾಗಲೇ ತಿಕ್ಕಿ ತೊಳೆಯಬೇಕು, ನೀರು ಹರಿದ ನೆಲ ತೊಳೆಯಬೇಕು. ಒಬ್ಬಳು ಹಿಂದೆ ಉಳಿಯಲೇಬೇಕು. "ನೀ ಹೋಗು, ನಾ ತೊಳೀತೀನಿ" ಎಂದು ಖೈರುನ್ ಪ್ರತಿ ಸಲ ಹೇಳುತ್ತಿದ್ದಳು. ನಾನು ಅತ್ತೆಯ ಮಾತು ಅಡ್ಡ ತರುತ್ತಿದ್ದೆ. ಮಯ್ಯತ್ ತೊಳೆದವಳು ತಾನು ಜಳಕ ಮಾಡದೆ ನಮಾಜಿಗೆ ನಿಲ್ಲಬಾರದು ಎಂದು ಅತ್ತೆ ಕಲಿಸಿದ್ದರು. ಜಳಕ ಮುಗಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಖೈರುನ್ ಇದನ್ನೂ ಮೌಲಾನಾರನ್ನು ಕೇಳಿ ಬಂದಳು. ಜಳಕ ಮಾಡಿದರೆ ಒಳ್ಳೆಯದು, ಮಾಡದಿದ್ದರೆ ವಜೂ ಸಾಕು, ಕೈಕಾಲು ಮುಖ ತೊಳೆದು ನಿಲ್ಲಬಹುದು ಅಂದರಂತೆ.

"ಅವ್ವನಕಿಂತ ಆ ಹುಡುಗಗ ಜಾಸ್ತಿ ಗೊತ್ತೇನು?" ಅಂದೆ.

"ಅವ್ವ ಪಾಪ, ಯಾರ್ನ ಕೇಳಬೇಕಿತ್ತು ಬೇ?" ಅಂದಳು.

ಅವಳು ಹೋಗಿ ನಿಂತು ಬರುತ್ತಿದ್ದಳು. ನಾನು ತಖ್ತಾ ತಿಕ್ಕುತ್ತಿದ್ದೆ. ಎರಡು ವರ್ಷ ಹಾಗೇ ಕಳೆದೆ. ತಿಕ್ಕುವಾಗ ಅವಳ ಮೇಲಿನ ಸಿಟ್ಟೆಲ್ಲ ಆ ಹಲಗೆಯ ಮೇಲೆ. ನಮ್ಮ ತಖ್ತಾದಷ್ಟು ಸ್ವಚ್ಛ ತಖ್ತಾ ಕುಂದಗೋಳ ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಖೈರುನ್‌ಗೆ ಎದೆ ನೋವು ಬಂದದ್ದು ಒಂದು ಮಂಗಳವಾರ. ಹುಬ್ಬಳ್ಳಿಗೆ ಒಯ್ದರು. ನಾನು ನೋಡಲು ಹೋಗುವವಳಿದ್ದೆ. ಗುರುವಾರ ಹೋಗೋಣ, ಕೂಸಿನ ಗಾದಿ ಒಂದು ಹೊಲಿದು ಕೊಡುವುದಿದೆ ಎಂದುಕೊಂಡೆ. ಬುಧವಾರ ರಾತ್ರಿ ಹೋಗಿಬಿಟ್ಟಳು. ಗುರುವಾರ ಮುಂಜಾನೆ ಅವಳನ್ನು ಮನೆಗೆ ತಂದರು.

ಮಗಳು ಮಿಶ್ರಿಕೋಟಿಯಿಂದ ಬಂದು ಬಾಗಿಲಲ್ಲೇ ಕುಸಿದಳು. ನಾನು ಅಳಲಿಲ್ಲ. ಕೊಟ್ಟಿಗೆಗೆ ಹೋಗಿ ತಖ್ತಾ ಇಳಿಸಿದೆ. ಆ ಕಡೆಯ ತುದಿ ಹಿಡಿಯಲು ತಬಸ್ಸುಮ್ ಬಂದಳು. ಅವಳ ಕಣ್ಣು ಊದಿಕೊಂಡಿದ್ದವು. ಖೈರುನ್ ಜೊತೆಗಿದ್ದಾಗೆಲ್ಲ ನಾನು ನೀರು ಹೊಯ್ದವಳು, ಅವತ್ತು ಅವಳ ಮೇಲೆಯೇ ಮೊದಲ ಕೈ ನನ್ನದಾಯಿತು. ನೀರು ಹೊಯ್ದವಳು ತಬಸ್ಸುಮ್. ನಾನು ಹೇಳುವ ಮೊದಲೇ ಅವಳು ಮೊಳಕೈಗೆ ನೀರು ಹಾಕಿ ನೋಡಿದಳು. ಖೈರುನ್ ಕಲಿಸಿದ್ದಳು. ನಮ್ಮ ಅತ್ತೆಯ ಮೊಳಕೈ ಅದು, ನಮ್ಮ ಮನೆಯದು, ಅದನ್ನೂ ಈಕೆಗೆ ಕೊಟ್ಟು ಹೋದಳಲ್ಲ ಎಂದು ಆ ಹೊತ್ತಿನಲ್ಲೂ ನನಗೆ ಉರಿಯಿತು.

ಹೊದಿಕೆಯ ಕೆಳಗೆ ಕಂಡದ್ದನ್ನು ಬರೆಯುವುದಿಲ್ಲ. ಅವಳ ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲೆ ಇಳಿಬಿಟ್ಟೆ. ಅಷ್ಟು ಬೆಳ್ಳಗಾಗಿತ್ತೆಂದು ನನಗೆ ಗೊತ್ತಿರಲಿಲ್ಲ, ಮೆಹಂದಿ ಹಚ್ಚುತ್ತಿದ್ದಳು. ಐದು ತುಂಡನ್ನು ಮೂರು ಸಲ ಎಣಿಸಿದೆ.

ಹೊರಗಿನಿಂದ ಬಾಷಾಸಾಬರ ದನಿ ಬಂತು. "ಹುಸೇನಬೀ, ಆತೇನ್ರಿ? ಮಧ್ಯಾಣದ ಜೋಹರ್ ನಮಾಜ್ ಆದ ಕೂಡ್ಲೇ ಜನಾಜಾ ನಮಾಜ್. ದೂರಿಂದ ಬಂದ ಮಂದಿ ಐತಿ."

ಅವಳಿಗಾಗಿ ಎಲ್ಲರೂ ನಿಲ್ಲುತ್ತಾರೆ ಎಂಬುದು ಆಗ ತಲೆಗೆ ಹೊಕ್ಕಿತು. ಅವಳ ಅಣ್ಣ ನಿಲ್ಲುತ್ತಾನೆ, ಅಳಿಯ ನಿಲ್ಲುತ್ತಾನೆ, ಅವಳಿಗೆ ಬೈದವರ ಮಕ್ಕಳು ನಿಲ್ಲುತ್ತಾರೆ. ಓಣಿಯ ಹೆಂಗಸರು ಹೋಗಿ ನಿಲ್ಲುತ್ತಾರೆ. ನಾನು ಮಾತ್ರ ಈ ಹಿತ್ತಿಲಲ್ಲಿ ತೆಂಗಿನ ನಾರು ಹಿಡಿದು ಕೂಡುತ್ತೇನೆ.

"ಬಾಷಾಸಾಬ್ರ, ಒಂದ್ ಅರ್ಧಾ ತಾಸ ತಡೀರಿ" ಅಂದೆ. "ನಾನೂ ಬರಾಕಿ ಅದೀನಿ."

"ಎಲ್ಲಿಗ್ರಿ?"

"ಮಸೀದಿಗೆ."

ಅವರು ಜನಾಜಾ ಹೊರುವವರನ್ನು ಕೂಗಿ ಕರೆದರು. ಆಮೇಲೆ, "ತಡ್ಯಾಕ ಆಗೂದಿಲ್ರಿ, ಬಾಂಗ್ ಆಗೇತಿ. ನೀವ ಲಗೂನ ಬರ್ರಿ" ಅಂದರು. ಬರಬೇಡಿ ಅನ್ನಲಿಲ್ಲ.

ಜನಾಜಾ ಎದ್ದಿತು. ನನ್ನ ಸೀರೆ ಮೊಳಕಾಲವರೆಗೆ ತೊಯ್ದಿತ್ತು. ತಖ್ತಾ ಹಾಗೇ ಬಿದ್ದಿತ್ತು. ತಬಸ್ಸುಮ್ ನನ್ನ ಕೈಯಿಂದ ನಾರು ಇಸಿದುಕೊಂಡಳು.

"ನಾ ತೊಳೀತೀನಿ ಖಾಲಾ. ನೀವು ವಜೂ ಮಾಡ್ಕೊಂಡ ಹೋಗ್ರಿ."

"ನೀನೂ ನಿಲ್ಲಬೇಕಲಾ ಬೇ, ಆಕಿ ನಿನ್ನ..."

"ನಾ ಆಕಿನ ಕೂಡ ನಿಂತೇನ್ರಿ, ಎಷ್ಟೋ ಸಲಾ. ನೀವು ಒಮ್ಮೀನೂ ನಿಂತಿಲ್ಲ. ಹೋಗ್ರಿ ಲಗೂನ."

ಬಾಯಿ ಗಟ್ಟಿಯಾಗಿ ಹೇಳಿದಳು, ಕಣ್ಣು ಮಾತ್ರ ಜನಾಜಾ ಹೋದ ದಾರಿಯ ಕಡೆಗೇ ಇತ್ತು. ಅವಳಿಗೆ ನಿಲ್ಲಬೇಕೆಂದು ಎಷ್ಟು ಆಸೆಯಿತ್ತು ಎಂದು ನನಗೆ ಕಂಡಿತು. ಮತ್ತು ನನಗೆ ಖುಷಿಯಾಯಿತು. ಇದನ್ನು ಬರೆಯಬಾರದೆಂದು ಮೂರು ದಿನ ಪೆನ್ನು ಕೆಳಗಿಟ್ಟಿದ್ದೆ. ಖೈರುನ್‌ಳ ನಮಾಜಿಗೆ ನಾನು ಇರುತ್ತೇನೆ, ಈಕೆ ಇರುವುದಿಲ್ಲ. ಆ ಖುಷಿಯಲ್ಲೇ ನಾನು ಓಡಿದೆ, ನೂಯುವ ಮೊಳಕಾಲಿನಲ್ಲಿ.

ರಸ್ತೆಯ ಕಡೆಯ ಬಾಗಿಲಿನಿಂದ ಕೋಣೆಗೆ ಹೋದೆ. ಎಂಟೊಂಬತ್ತು ಹೆಂಗಸರು ಸಾಲಾಗಿ ನಿಂತಿದ್ದರು. ನನ್ನನ್ನು ಕಂಡು ಸರಿದು ಕಿಟಕಿಯ ಹತ್ತಿರ ಜಾಗ ಬಿಟ್ಟರು. ಪರದೆಯ ಆಚೆ ಅಂಗಳದಲ್ಲಿ ಜನಾಜಾ ಇತ್ತು, ಅದರ ಮೇಲೆ ಹಸಿರು ಚಾದರ. ಮೌಲಾನಾರು ಕೈ ಎತ್ತಿ ಮೊದಲ ತಕ್ಬೀರ್ ಹೇಳಿದರು. ನಾನೂ ಕೈ ಕಟ್ಟಿದೆ. ಎರಡನೇ ಸಲ ಅಲ್ಲಾಹು ಅಕ್ಬರ್ ಎಂದು ಕೇಳಿದ ಕೂಡಲೇ ನಾನು ಬಾಗಿದೆ.

ಮನೆಯಲ್ಲಿ ದಿನಕ್ಕೆ ಐದು ಸಲ ಮಾಡುವ ನಮಾಜಿನಲ್ಲಿ ತಕ್ಬೀರಿಗೆ ಬಾಗುತ್ತೇವೆ. ಮೈ ತಾನಾಗಿ ಬಾಗಿತು. ಜನಾಜಾದ ನಮಾಜಿನಲ್ಲಿ ಬಾಗುವುದೂ ಇಲ್ಲ, ಸಜ್ದಾ ಮಾಡುವುದೂ ಇಲ್ಲ, ಮೊದಲಿನಿಂದ ಕಡೆಯವರೆಗೆ ನಿಂತೇ ಇರುವುದು. ಅದು ನನಗೆ ಗೊತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ನಾಲ್ಕು ತಕ್ಬೀರ್ ಎಣಿಸಿದ್ದೆ, ನಡುವೆ ಏನು ಮಾಡುತ್ತಾರೆಂದು ಯಾರೂ ಹೇಳಿರಲಿಲ್ಲ. ಹೆಂಗಸಿಗೆ ಅದು ಬೇಕಾಗುತ್ತದೆಂದು ಯಾರಿಗೂ ಅನಿಸಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಾವಿನ ಕೆಲಸ ಮಾಡಿದವಳಿಗೆ ಸತ್ತವರ ನಮಾಜ್ ಬರುತ್ತಿರಲಿಲ್ಲ. ಬಾಜು ನಿಂತವಳು ನನ್ನ ರಟ್ಟೆ ಹಿಡಿದು ಮೆಲ್ಲಗೆ ಮೇಲೆತ್ತಿದಳು. ನಾನು ನೆಟ್ಟಗಾದೆ. ಮೂರನೆಯದು, ನಾಲ್ಕನೆಯದು, ಸಲಾಮು. ಒಂದು ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಗಂಡಸರು ಖೈರುನ್‌ಳನ್ನು ಎತ್ತಿಕೊಂಡು ಕಬರಸ್ತಾನದ ಕಡೆ ಹೊರಟರು. ನಾವು ಅಲ್ಲೇ ನಿಂತೆವು. ಆಗ ನನಗೆ ಅಳು ಬಂತು.

ಮನೆಗೆ ಬಂದಾಗ ತಬಸ್ಸುಮ್ ತಖ್ತಾವನ್ನು ಗೋಡೆಗೆ ನಿಲ್ಲಿಸಿ ಅದರ ಬುಡದಲ್ಲಿ ಕೂತಿದ್ದಳು.

"ನಿಂತ್ರೇನ್ರಿ, ಖಾಲಾ?"

"ನಿಂತೆ. ನಡುವ ಬಾಗಿಬಿಟ್ಟೆ ಬೇ, ನನಗ ಗೊತ್ತಿರಲಿಲ್ಲ."

ಅವಳು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಆಮೇಲೆ ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಅವತ್ತೇ ಹೇಳಿದೆ, ನನ್ನ ಹೊತ್ತು ಬಂದಾಗ ನೀನು ಹಿಂದೆ ಉಳಿಯಬೇಡ, ಹೋಗಿ ನಿಲ್ಲು ಎಂದು. "ಹಂಗಾದ್ರ ತಖ್ತಾ ತೊಳ್ಯಾಕಿ ಯಾರ್ರಿ?" ಅಂದಳು. ಮುಂದಿನ ಶುಕ್ರವಾರ ಜುಮ್ಮಾ ಮುಗಿದ ಮೇಲೆ ಆ ಕೋಣೆಯಲ್ಲೇ ನಾವಿಬ್ಬರೂ ಎದ್ದು, ಈ ಕೆಲಸ ಕಲಿಯಲು ಯಾರು ಬರುತ್ತೀರಿ ಎಂದು ಕೇಳಿದೆವು. ನೀವು ನಾಲ್ವರು ಕೈ ಎತ್ತಿದಿರಿ. ಆಮೇಲೆ ಎರಡು ಸಾವಿಗೆ ನಾನು ಬಾಜು ಕೂತು ಹೇಳಿಕೊಟ್ಟೆ, ನೀರು ಮುಟ್ಟಲಿಲ್ಲ. ಎರಡಕ್ಕೂ ಹೋಗಿ ನಿಂತು ಬಂದೆ.

ಅದಕ್ಕೇ ನಿಮಗೆ ಮೊದಲು ಕಲಿಸಿದ್ದು ಬಾರಿ ಎಲೆಯನ್ನೂ ಅಲ್ಲ, ಕಫನ್ನನ್ನೂ ಅಲ್ಲ, ಆ ನಮಾಜನ್ನು. ತಕ್ಬೀರ್ ಕೇಳಿದರೆ ಬಾಗಬೇಡಿರಿ, ನಿಂತೇ ಇರಿ. ಹಿಂದೆ ಉಳಿಯುವ ಪಾಳಿ ಹಚ್ಚಿಕೊಳ್ಳಿರಿ, ಒಬ್ಬಳ ಮೇಲೆಯೇ ಬೀಳದ ಹಾಗೆ.

ಖೈರುನ್‌ಗೆ ಸಿಕ್ಕಿದ್ದು ನನಗೆ ಸಿಗುವುದಿಲ್ಲ. ಅವಳ ಜೊತೆ ಇಷ್ಟು ವರ್ಷ ನೀರು ಹೊಯ್ದ ನಾನು ಅವಳ ನಮಾಜಿನ ಸಾಲಿನಲ್ಲಿದ್ದೆ. ನನ್ನ ದಿನ ಖೈರುನ್ ಇರುವುದಿಲ್ಲ. ಅದರ ಸಂಕಟ ಇದ್ದೇ ಇದೆ. ಮೊನ್ನೆ ನಿಮ್ಮಲ್ಲೊಬ್ಬಳು ನನ್ನ ಕಾಲು ಒತ್ತುತ್ತ ಮೆಲ್ಲಗೆ ಕೇಳಿದಳು, "ಖಾಲಾ, ನಿಮ್ಮ ಪಾಳೀಗೆ ಯಾರ ನಿಲ್ಲಬೇಕು, ಯಾರ ಉಳೀಬೇಕು?" ಎಂದು. ನಾನು ಹೇಳಲಿಲ್ಲ. ನಿಲ್ಲಲೇಬೇಕಾದ ಒಬ್ಬಳ ಹೆಸರು ಮನಸ್ಸಿನಲ್ಲಿದೆ. ಅದು ಗೊತ್ತಾದರೆ ಉಳಿದವರ ಹೊಟ್ಟೆಯಲ್ಲಿ ಏನಾಗುತ್ತದೆಂದು ನನಗಿಂತ ಚೊಲೊ ಬಲ್ಲವರು ಈ ಊರಿನಲ್ಲಿ ಯಾರೂ ಇಲ್ಲ.